ಹತ್ತುವ ಬದಿಯ ಕೆಂಪು ದೀಪ

"ಇಂಥ ವಿಮಾನ ಈ ಭೂಮಿ ಮೇಲೆ ಎಲ್ಲೂ ಹಾರೋದಿಲ್ಲ, ಕಪ್ತಾನ್," ಎಂದು ರೌಶಾನ್ ವರದಿಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ತನ್ನ ಚಹಾ ಬಟ್ಟಲನ್ನೂ ಇಟ್ಟಳು.

ಪೊಲೀಸ್ ಕಪ್ತಾನ್ ಝಾಸುಲಾನ್ ಬಟ್ಟಲನ್ನೆತ್ತಿ ಪಕ್ಕಕ್ಕೆ ಸರಿಸಿದ. ಕಾಗದದ ಮೇಲೆ ದುಂಡನೆಯ ಕಂದು ಗುರುತು ಬಿದ್ದಾಗಿತ್ತು.

"ಸರ್ಕಾರಿ ದಾಖಲೆ ಅದು, ರೌಶಾನ್ ಅಪಾ," ಎಂದ, ಅಕ್ಕನನ್ನು ಕರೆಯುವಂತೆ.

"ಅದಕ್ಕೇ ಹೇಳ್ತಿರೋದು. ಇನ್ನೊಂದು ಸಲ ಓದಿ. ಗಟ್ಟಿಯಾಗಿ."

ಕಪ್ತಾನ್ ಗಂಟಲು ಸರಿಮಾಡಿಕೊಂಡ. "'ಮಂಗಳವಾರ ಸಂಜೆ ಎಂಟೂಕಾಲಕ್ಕೆ, ಕಣಿವೆಯ ಕಡೆ ಮುಖ ಮಾಡಿ ನಿಂತಿದ್ದ ಸಾಕ್ಷಿಗೆ ಒಂದು ವಿಮಾನ ಕಂಡಿತು. ಎಡಗಡೆ ಕೆಂಪು ದೀಪ, ಬಲಗಡೆ ಹಸಿರು ದೀಪ.' ವಿಮಾನದ ಎಡ ರೆಕ್ಕೆಗೆ ಕೆಂಪು, ಬಲ ರೆಕ್ಕೆಗೆ ಹಸಿರು ಅಂತ ನೀವೇ ನಿನ್ನೆ ಹೇಳಿಕೊಟ್ರಿ. ನೋಡೋನ ಎಡಕ್ಕೇ ಅದರ ಎಡ ಬಂತು ಅಂದ್ರೆ, ಅದು ಬೆನ್ನು ತೋರಿಸ್ಕೊಂಡು ಹೋಗ್ತಿದೆ ಅಂತ ಅರ್ಥ. ಕಣಿವೆ ಕಡೆಗೆ. ಕಣಿವೆ ಆಚೆ ಗಡಿ. ಮುಗೀತಲ್ಲ?"

ಸಾಗಿಂದಿಕ್ ಯಜಮಾನನ ಬೇಟೆ ಹದ್ದು ಸಾರಿಕೋಜ್ ಕಾಣೆಯಾಗಿ ಎರಡು ದಿನವಾಗಿತ್ತು; ಅದನ್ನು ಗಡಿ ದಾಟಿಸಿದವನು ಯಜಮಾನನ ಭಾವೀ ಅಳಿಯನೇ ಎಂದು ಕಪ್ತಾನ್ ಖಚಿತವಾಗಿ ನಂಬಿದ್ದ.

ಆ ಭಾವೀ ಅಳಿಯ, ವಿಮಾನ ಚಾಲಕ ಅಲ್ದಿಯಾರ್, ಅದೇ ಕೋಣೆಯ ಮೂಲೆಯ ಬೆಂಚಿನ ಮೇಲೆ ಕುಳಿತು ಎಣ್ಣೆಯಲ್ಲಿ ಕರಿದ ಬಾವುರ್ಸಾಕ್ ತಿನ್ನುತ್ತಿದ್ದ. ಅವನ ಎದುರಿನ ತಟ್ಟೆ ಮುಕ್ಕಾಲು ಖಾಲಿಯಾಗಿತ್ತು.

"ಬಂಧನಕ್ಕೆ ಒಳಗಾಗೋನು ಇಷ್ಟು ತಿಂತಾನಾ?" ಎಂದ ಕಪ್ತಾನ್.

"ಜಿಲ್ಲಾ ಠಾಣೆಯ ಊಟ ಹೇಗಿರುತ್ತೋ ಗೊತ್ತಿಲ್ವಲ್ಲ ಅಗಾ, ಹಾದಿಗೆ ಸ್ವಲ್ಪ ತುಂಬಿಸ್ಕೊಳ್ತಿದೀನಿ."

ರೌಶಾನ್ ನಕ್ಕಳು. ಆದರೆ ಗೋಡೆಯ ಗಡಿಯಾರ ಆರು ತೋರಿಸುತ್ತಿತ್ತು. ಎಂಟಕ್ಕೆ ಕಪ್ತಾನ್ ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಜಿಲ್ಲೆಗೆ ಹೊರಡುವವನಿದ್ದ. ಒಮ್ಮೆ ಹೋದನೆಂದರೆ ಚಾಲಕನ ಪರವಾನಗಿ ಹೋದಂತೆಯೇ. ಶನಿವಾರ ಸಾಗಿಂದಿಕ್‌ನ ಮಗಳು ಕುರಾಲಾಯ್‌ಳನ್ನು ತವರಿನಿಂದ ಬೀಳ್ಕೊಡುವ ಹಬ್ಬ. ಊಟಕ್ಕೆ ಎರಡು ಕುದುರೆ ಕಡಿಯಲು ಗೊತ್ತುಮಾಡಲಾಗಿತ್ತು, ನಾಲ್ಕು ಊರಿಗೆ ಕರೆ ಹೋಗಿತ್ತು. ವರನೇ ಲಾಕಪ್ಪಿನಲ್ಲಿದ್ದರೆ ಹಬ್ಬ ಯಾರಿಗೆ?

ಎರಡು ಕಥೆಗಳಿದ್ದವು. ಅವುಗಳಲ್ಲೊಂದನ್ನು ರೌಶಾನ್ ಈ ಎರಡು ಗಂಟೆಯೊಳಗೆ ಒಡೆಯಬೇಕಿತ್ತು.

ಅಲ್ದಿಯಾರ್‌ನ ಕಥೆ ಹೀಗೆ: ಬೆಟ್ಟದಾಚೆಯ ಆಸ್ಪತ್ರೆಗೆ ರಕ್ತದ ಚೀಲಗಳನ್ನು ಮುಟ್ಟಿಸಿ, ಆರೂ ನಲವತ್ತಕ್ಕೆ ಖಾಲಿ ವಿಮಾನದಲ್ಲಿ ಒಬ್ಬನೇ ಹೊರಟ. ನೇರ ದಾರಿ ಐವತ್ತು ನಿಮಿಷ. ಬೆಟ್ಟದ ನೆತ್ತಿಯ ಮೇಲೆ ಮೋಡ ಕುಳಿತಿದ್ದರಿಂದ ಹೊಳೆಯ ಗುಂಟ ಸುತ್ತು ಹಾಕಿ, ಕಣಿವೆಯ ಬಾಯಿಂದ ಒಳಬಂದು, ಎಂಟೂಕಾಲಕ್ಕೆ ಊರ ಪುಟ್ಟ ರನ್‌ವೇಯಲ್ಲಿ ಇಳಿದ. ಇಳಿದ ಮೇಲೆ ಮತ್ತೆ ಹಾರಲಿಲ್ಲ.

ಕಪ್ತಾನನ ಕಥೆ ಬೇರೆ: ಅಲ್ದಿಯಾರ್ ಏಳೂವರೆಗೇ ಬಂದಿಳಿದ. ರನ್‌ವೇ ಪಕ್ಕದಲ್ಲಿ ಸಾಗಿಂದಿಕ್ ಹದ್ದು ಸಾಕುವ ಗುಡಿಸಲಿನಿಂದ ಅದನ್ನೆತ್ತಿಕೊಂಡ. ಎಂಟೂಕಾಲಕ್ಕೆ ಮತ್ತೆ ಹಾರಿ ಗಡಿಯ ಕಡೆ ಹೋದ, ಹದ್ದನ್ನು ಕೊಟ್ಟು ಮರಳಿದ.

ಇಂಧನದ ಅಳತೆ ಎರಡು ಕಥೆಗೂ ಹೊಂದುತ್ತಿತ್ತು. ಹಾರಾಟದ ಪುಸ್ತಕದಲ್ಲಿದ್ದದ್ದು ಅಲ್ದಿಯಾರ್‌ನ ಕೈಬರಹವೇ. ರನ್‌ವೇ ಕಾವಲುಗಾರ ಆ ಸಂಜೆ ಊರ ಮಂದಿಯ ಜೊತೆ ಮೂರು ಮೈಲಿ ದೂರದ ಸಾಗಿಂದಿಕ್‌ನ ಮನೆಯಲ್ಲಿ ಬೀಗರ ಔತಣಕ್ಕೆ ಕುಳಿತಿದ್ದ. ದೋಂಬ್ರಾ ನುಡಿಸುವವರು ಮೂವರಿದ್ದರು. ಆ ಗದ್ದಲದಲ್ಲಿ ವಿಮಾನದ ಸದ್ದು ಯಾರ ಕಿವಿಗೂ ಬೀಳಲಿಲ್ಲ. ಉಳಿದಿದ್ದು ಗುಡ್ಡದ ಮೇಲೆ ಕುದುರೆ ಮೇಯಿಸುತ್ತಿದ್ದ ಒರಾಜ್ಬಾಯ್ ಮುದುಕ ಒಬ್ಬನೇ.

"ಕಪ್ತಾನ್, ನಾನು ಈ ತನಿಖೆ ಕೆಲಸಕ್ಕೆ ಬರೋ ಮುಂಚೆ ಇಪ್ಪತ್ತೆರಡು ವರ್ಷ ವಿಮಾನಗಳಿಗೆ ದೀಪ ಜೋಡಿಸ್ತಿದ್ದೆ," ಎಂದಳು ರೌಶಾನ್. "ರೆಕ್ಕೆಯ ದೀಪ ದಾರಿ ನೋಡೋಕಿರೋದಲ್ಲ. ಕತ್ತಲಲ್ಲಿ ಇಬ್ಬರು ಎದುರುಬದುರಾದ್ರೆ, ನಾನು ಯಾವ ಕಡೆ ಮುಖ ಮಾಡಿದೀನಿ ಅಂತ ಬಾಯಿಬಿಡದೆ ಹೇಳೋಕಿರೋದು. ಅದಕ್ಕೇ ಕೆಂಪಿಗೂ ಹಸಿರಿಗೂ ಹಿಂದುಗಡೆ ಮರೆ ಇರುತ್ತೆ. ಹಿಂದಿನಿಂದ ನೋಡಿದ್ರೆ ಬಾಲದ ಬಿಳಿ ದೀಪ ಬಿಟ್ಟು ಆ ಎರಡೂ ಕಾಣ್ಸೋದೇ ಇಲ್ಲ."

"ಕಾಣ್ಸೋದೇ ಇಲ್ವಾ?"

"ಇಲ್ಲ. ಎರಡು ಬಣ್ಣ ಒಟ್ಟಿಗೆ ಕಂಡ್ವು ಅಂದ್ರೆ ಅದು ನಿಮ್ಮ ಎದುರಿಗೇ ಬರ್ತಿದೆ. ಎದುರಿಗೆ ಬಂದ್ರೆ ಅದರ ಎಡ ನಿಮ್ಮ ಬಲಕ್ಕೆ. ಕೆಂಪು ಬಲಕ್ಕಿರಬೇಕು. ನಿಮ್ಮ ಕಾಗದದ ವಿಮಾನ ಬರ್ತಾನೂ ಇಲ್ಲ, ಹೋಗ್ತಾನೂ ಇಲ್ಲ."

ಅಲ್ದಿಯಾರ್ ಬಾಯಲ್ಲಿದ್ದುದನ್ನು ನುಂಗಿ, "ನಾನು ಇದನ್ನೇ ನಿನ್ನೆ ಇಡೀ ದಿನ ಹೇಳ್ದೆ ಅಪಾ," ಎಂದ.

"ನೀನು ಹೇಳಿದ್ದನ್ನ ನಂಬೋಕಾಗುತ್ತೇನಯ್ಯ? ಆರೋಪಿ ನೀನು," ಎಂದ ಕಪ್ತಾನ್. ಆಮೇಲೆ ರೌಶಾನ್ ಕಡೆ ತಿರುಗಿ ಕೈಚೆಲ್ಲಿದ. "ಹಾಗಾದ್ರೆ ಮುದುಕ ಸುಳ್ಳು ಹೇಳಿದ್ದಾನೆ."

"ಅಥವಾ ನೀವು ಬರ್ಕೊಂಡಿದ್ದು ತಪ್ಪು. ಇದು ಅವನ ಮಾತೇನಾ?"

"ಸಾರಾಂಶ ಅವನದ್ದೇ. ಭಾಷೆ ಸ್ವಲ್ಪ ತಿದ್ದಿದೀನಿ. ಕುದುರೆಗಾಹಿ ಮಾತನ್ನ ಹಾಗ್ಹಾಗೇ ಬರೆದ್ರೆ ಮೇಲಿನವರು ನಗ್ತಾರೆ."

ರೌಶಾನ್ ಕೋಟು ಹಾಕಿಕೊಂಡಳು. "ನಗೋರು ನಗ್ಲಿ. ನಡೀರಿ ಗುಡ್ಡಕ್ಕೆ."

*

ಅಕ್ಟೋಬರಿನ ಸೂರ್ಯ ಆಗಲೇ ಮುಳುಗಿದ್ದ. ಜೀಪು ಗುಡ್ಡದ ಬುಡ ಸೇರುವ ಹೊತ್ತಿಗೆ ಅದರ ಹಿಂದೆ ಎರಡು ಕಾರು, ಒಂದು ಟ್ರ್ಯಾಕ್ಟರು, ಏಳೆಂಟು ಕುದುರೆಗಳು ಸೇರಿಕೊಂಡಿದ್ದವು. ಮದುವೆಗೆಂದು ಬಂದ ನೆಂಟರಿಗೆ ಎರಡು ದಿನದಿಂದ ಬೇರೆ ಕೆಲಸವಿರಲಿಲ್ಲ. ಹೆಂಗಸರು ಚಹಾದ ಫ್ಲಾಸ್ಕುಗಳನ್ನೂ ತಂದಿದ್ದರು.

ಸಾಗಿಂದಿಕ್ ಯಜಮಾನ ಕುದುರೆಯಿಂದಿಳಿದು ಒಂದು ಬಂಡೆಯ ಮೇಲೆ ಕುಳಿತ. ಹದ್ದು ಕುಳಿತು ಕುಳಿತು ಅಭ್ಯಾಸವಾದ ಬಲಗೈ ಈಗಲೂ ಮೈಯಿಂದ ತುಸು ದೂರವೇ ಇತ್ತು. ಹದ್ದು ಬರುವವರೆಗೆ ಮದುವೆಯ ಮಾತೆತ್ತಬೇಡಿ ಎಂದು ಅವನು ಬುಧವಾರ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ.

ಒರಾಜ್ಬಾಯ್ ಮುದುಕನನ್ನು ಊರವರೆಲ್ಲ ಗೌರವದಿಂದ ಒರೆಕೆ ಎನ್ನುತ್ತಿದ್ದರು. ಇಷ್ಟು ಜನ ತನ್ನನ್ನು ನೋಡಲು ಬಂದದ್ದು ಅವನಿಗೆ ಬಹಳ ಖುಷಿ ಕೊಟ್ಟಿತು.

"ಬನ್ನಿ, ಬನ್ನಿ. ಎರಡು ವರ್ಷದ ಹಿಂದೆ ನನ್ನ ಹೆಣ್ಣುಕುದುರೆ ಕಳೆದಾಗ ಒಬ್ರೂ ಬರ್ಲಿಲ್ಲ. ಈಗ ಊರಿಗೂರೇ ಬಂದಿದೆ!"

"ಒರೆಕೆ, ಮಂಗಳವಾರ ನೀವು ನೋಡಿದ್ದನ್ನ ಮತ್ತೆ ಹೇಳಿ," ಎಂದಳು ರೌಶಾನ್. "ಕಪ್ತಾನ್ ಹೇಳಿದ ಹಾಗಲ್ಲ. ನಿಮ್ಮದೇ ಮಾತಲ್ಲಿ."

ಮುದುಕ ಕಣಿವೆಯ ಕಡೆ ಗದ್ದ ಚಾಚಿದ. "ನಾನು ಇಲ್ಲೇ ನಿಂತಿದ್ದೆ, ಆ ಕಡೆ ಮುಖ. ವಿಮಾನ ಕಂಡ್ತು. ಹತ್ತೋ ಬದಿಗೆ ಕೆಂಪು, ಚಾಟಿ ಬದಿಗೆ ಹಸಿರು. ಅಷ್ಟೇ."

ಕಪ್ತಾನನ ಮುಖ ಅರಳಿತು. "ಕೇಳಿದ್ರಾ? ಕುದುರೆಗೆ ಹತ್ತೋದು ಎಡಗಡೆಯಿಂದ, ಚಾಟಿ ಹಿಡಿಯೋದು ಬಲಗೈಲಿ. ಹತ್ತೋ ಬದಿ ಅಂದ್ರೆ ಎಡ, ಚಾಟಿ ಬದಿ ಅಂದ್ರೆ ಬಲ. ಪಟ್ಟಣದಲ್ಲಿ ಬೆಳೆದೋನಾದ್ರೂ ನನಗೂ ಅಷ್ಟು ಗೊತ್ತು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ನಾನು ಬರೆದಿದ್ದರಲ್ಲಿ ತಪ್ಪೇನಿದೆ?"

"ಯಾರ ಎಡ?" ಎಂದಳು ರೌಶಾನ್.

"ಅಂದ್ರೆ?"

ಅವಳು ಪದವಿಗೆ ಓದಿದ್ದು ಭೌತಶಾಸ್ತ್ರ. ವಾದ ಮಾಡಿ ಗೆಲ್ಲುವುದಕ್ಕಿಂತ ಮಾಡಿ ತೋರಿಸುವುದು ಲೇಸೆಂದು ಅಲ್ಲಿ ಕಲಿತಿದ್ದಳು.

"ನನಗೆ ಮೂರು ಟಾರ್ಚ್ ಬೇಕು. ಎರಡು ತಗಡಿನ ಲೋಟ. ಒಂದು ಕೆಂಪು ಬಟ್ಟೆ, ಒಂದು ಹಸಿರು ಬಟ್ಟೆ. ಕುದುರೆ ಹಿಡಿಯೋ ಉದ್ದನೆ ಗಳ. ಒಂದು ಸಾಧುವಾದ ಕುದುರೆ."

"ನಮ್ಮೂರಲ್ಲಿ ಸಾಧುವಾದ ಕುದುರೆ ಇಲ್ಲ," ಎಂದಳು ಕುರಾಲಾಯ್‌ಳ ಒಬ್ಬ ಅತ್ತಿಗೆ. "ಸಾಧುವಾದ ಗಂಡಸರೂ ಇಲ್ಲ. ಗಳ ಬೇಕಾದ್ರೆ ಇದೆ."

ಕುರಾಲಾಯ್ ತನ್ನ ಕೆಂಪು ತಲೆವಸ್ತ್ರ ಬಿಚ್ಚಿ ಕೊಟ್ಟಳು. ಹಸಿರು ತಲೆವಸ್ತ್ರ ಅತ್ತಿಗೆಯದು. ಉದ್ದನೆಯ ಗಳವನ್ನು ಒರೆಕೆಯ ಕಂದು ಕುದುರೆಯ ಜೀನಿನ ಮೇಲೆ ಅಡ್ಡಲಾಗಿ ಕಟ್ಟಿದ್ದಾಯಿತು. ಎರಡು ತುದಿಗೂ ಲೋಟ; ಲೋಟದ ಬಾಯಿ ಮುಂದಕ್ಕೆ, ಅದರೊಳಗೆ ಟಾರ್ಚ್, ಬಾಯಿಗೆ ಬಟ್ಟೆ. ಹಿಂದಕ್ಕೆ ಬೆಳಕು ಸೋರದಂತೆ ರೌಶಾನ್ ಲೋಟಗಳನ್ನು ಎರಡೆರಡು ಸಲ ತಿರುಗಿಸಿ ನೋಡಿದಳು. ಮೂರನೆಯ ಟಾರ್ಚ್ ಬಾಲದ ಬುಡದಲ್ಲಿ, ಹಿಂದಕ್ಕೆ ಮುಖ ಮಾಡಿ.

"ನನ್ನ ಕುದುರೆಗೂ ರೆಕ್ಕೆ ಬಂತಲ್ಲೇ!" ಎಂದು ಒರೆಕೆ ಕೈ ತಟ್ಟಿದ. ಕುದುರೆ ಕತ್ತು ತಿರುಗಿಸಿ ತನ್ನ ರೆಕ್ಕೆಯನ್ನು ನೋಡಿ ಮೂಗರಳಿಸಿತು.

"ಯಾರು ಓಡಿಸ್ತೀರಿ?"

"ಅಲ್ದಿಯಾರ್‌ನೇ ಕೂರಿಸಿ, ವಿಮಾನ ಅವನದೇ ತಾನೆ," ಎಂದು ಯಾರೋ ಕೂಗಿದರು.

"ಕುದುರೆ ಮೇಲೆ ಕೂರ್ಸಿದ್ರೆ ಇವನು ಗಡಿ ತನಕ ನಿಲ್ಲಲ್ಲ," ಎಂದ ಕಪ್ತಾನ್. ಜನ ನಕ್ಕರು. ತಾನು ಹೇಳಿದ್ದಕ್ಕೆ ಊರವರು ನಕ್ಕಿದ್ದು ಅದೇ ಮೊದಲಾದ್ದರಿಂದ ಕಪ್ತಾನನಿಗೂ ಸಂತೋಷವಾಯಿತು.

ಅಷ್ಟರಲ್ಲಿ ಕುರಾಲಾಯ್ ಜೀನು ಹತ್ತಿ ಕುಳಿತಾಗಿತ್ತು.

"ಇನ್ನೂರು ಹೆಜ್ಜೆ ದೂರ ಹೋಗು, ಐನಾಲಾಯಿನ್, ನನ್ನ ಬಂಗಾರ. ನಾನು ಕೂಗಿದಾಗ ತಿರುಗು," ಎಂದಳು ರೌಶಾನ್. ಕಪ್ತಾನನ ಭುಜ ಹಿಡಿದು ಕಣಿವೆಯ ಕಡೆಗೆ ತಿರುಗಿಸಿ ನಿಲ್ಲಿಸಿದಳು. ಒರೆಕೆಯನ್ನು ಅವನ ಪಕ್ಕಕ್ಕೆ ನಿಲ್ಲಿಸಿದಳು. "ಇಬ್ಬರೂ ಕಂಡಿದ್ದನ್ನ ಹೇಳ್ತಾ ಹೋಗಿ."

ಕತ್ತಲು ಚೆನ್ನಾಗಿ ಕವಿದಿತ್ತು. ಗೊರಸಿನ ಸದ್ದು ದೂರವಾಯಿತು.

"ಬಿಳಿ ಒಂದೇ," ಎಂದ ಕಪ್ತಾನ್.

"ಬಿಳಿ ಒಂದೇ," ಎಂದ ಒರೆಕೆ.

"ಕೆಂಪು? ಹಸಿರು?"

"ಇಲ್ಲ. ಎರಡೂ ಇಲ್ಲ," ಎಂದ ಕಪ್ತಾನ್ ನಿಧಾನವಾಗಿ.

"ಇದು ಹೋಗ್ತಿರೋ ವಿಮಾನ. ನೆನಪಿಡಿ. ಕುರಾಲಾಯ್! ತಿರುಗು!"

ಬಿಳಿ ದೀಪ ಮಾಯವಾಯಿತು. ಕುದುರೆ ತಿರುಗುವಾಗ ಒಂದು ಕ್ಷಣ ಹಸಿರೊಂದೇ ಕಂಡಿತು. ಆಮೇಲೆ ಎರಡೂ ಬಣ್ಣ ಜೊತೆಯಾಗಿ, ಗುಡ್ಡದ ಕತ್ತಲಲ್ಲಿ ತೇಲುತ್ತ ಇವರತ್ತ ಬರತೊಡಗಿದವು. ಹೆಂಗಸರು ಓಹೋ ಎಂದರು.

"ಹೇಳಿ ಕಪ್ತಾನ್. ಕೆಂಪು ಯಾವ ಕಡೆ?"

"ಬಲಗಡೆ."

ಒರೆಕೆ ಗಕ್ಕನೆ ಅವನತ್ತ ತಿರುಗಿದ. "ಕಣ್ಣು ಕಾಣ್ಸುತ್ತೇನಪ್ಪಾ ನಿನಗೆ? ಹತ್ತೋ ಬದಿಗಿದೆ ಕೆಂಪು!"

"ಅಜ್ಜಾ, ನೋಡಿ ಸರಿಯಾಗಿ. ಇದು ನನ್ನ ಬಲಗೈ. ಕೆಂಪು ಈ ಕಡೆ."

"ನಿನ್ನ ಕೈ ಕಟ್ಕೊಂಡು ನನಗೇನು? ನಿನ್ನ ಮೇಲೆ ಹತ್ತಿ ಕೂರ್ತೀನಾ? ಕುದುರೆಗೆ ಹತ್ತೋ ಬದಿ ಒಂದೇ. ಅದು ನಿನ್ನ ಕಡೆ ಬಂದ್ರೂ ಒಂದೇ, ಬೆನ್ನು ಹಾಕಿದ್ರೂ ಒಂದೇ. ಬದಿ ಇರೋದು ಕುದುರೆಗೆ, ನೋಡೋನಿಗಲ್ಲ!"

ಗುಡ್ಡದ ಮೇಲೆ ನಗೆ ಎದ್ದಿತು. ಟ್ರ್ಯಾಕ್ಟರಿನವನು ಹಾರನ್ ಬಾರಿಸಿದ. ಕಪ್ತಾನ್ ಎದುರಿಗೆ ಬಂದು ನಿಂತ ಕುದುರೆಯ ಸುತ್ತ ಒಂದು ಸುತ್ತು ಹಾಕಿದ. ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ.

"ನಾನು ನನ್ನ ಎಡ ಅಂದ್ಕೊಂಡೆ," ಎಂದ. "ಅವರು ವಿಮಾನದ ಎಡ ಹೇಳಿದ್ದಾರೆ."

"ವಿಮಾನದ ದೀಪ ಜೋಡಿಸೋರೂ ಹಾಗೇ ಹೇಳ್ತಾರೆ, ಕಪ್ತಾನ್. ಈ ಗುಡ್ಡದ ಮೇಲೆ ನನ್ನ ಕಸುಬಿನ ಲೆಕ್ಕ ಗೊತ್ತಿದ್ದೋರು ಒರೆಕೆ ಒಬ್ಬರೇ." ರೌಶಾನ್ ಮುದುಕನತ್ತ ತಿರುಗಿದಳು. "ಆದ್ರೆ ಅದು ನಿಮ್ಮ ಕಡೆ ಬರ್ತಿತ್ತು ಅಂತ ಹೇಗೆ ಗೊತ್ತಾಯ್ತು?"

"ಹಣೆಗೆ ಬಿಳುಪಿತ್ತಲ್ಲ! ಹಣೆ ಬಿಳುಪಿನ ಕುದುರೆ ಎದುರಿಗೆ ಬಂದ ಹಾಗೆ, ನಡುಮಧ್ಯ ಒಂದು ದೊಡ್ಡ ಬೆಳಕು. ಕಣ್ಣು ಕುಕ್ಕೋ ಅಷ್ಟು."

"ಇಳಿಯೋಕೆ ಮುಂಚೆ ಹಚ್ಚೋ ದೀಪ," ಎಂದ ಅಲ್ದಿಯಾರ್ ಮೆಲ್ಲಗೆ.

"ಇದನ್ನ ನನಗೆ ಯಾಕೆ ಹೇಳ್ಲಿಲ್ಲ ಒರೆಕೆ?" ಎಂದು ಕಪ್ತಾನ್ ಕೇಳಿದ. ಅವನ ದನಿಯಲ್ಲಿ ಅಳುವೂ ನಗುವೂ ಬೆರೆತಿದ್ದವು.

"ನೀನು ಬಣ್ಣ ಕೇಳ್ದೆ, ಬಣ್ಣ ಹೇಳ್ದೆ. ಹಣೆ ಕೇಳ್ಲಿಲ್ಲ."

ಕಪ್ತಾನ್ ಜೇಬಿನಿಂದ ವರದಿ ತೆಗೆದ. ಜೀಪಿನ ಬೆಳಕಿನಲ್ಲಿ, ಚಹಾ ಗುರುತಿನ ಮೇಲೆಯೇ ಎರಡು ಸಾಲು ಹೊಡೆದುಹಾಕಿ, ಮುದುಕನ ಮಾತನ್ನು ಈ ಬಾರಿ ಅಕ್ಷರ ಬಿಡದೆ ಬರೆದುಕೊಂಡ. ಹತ್ತೋ ಬದಿ, ಚಾಟಿ ಬದಿ, ಹಣೆಯ ಬಿಳುಪು. ವಿಮಾನ ಎಂಟೂಕಾಲಕ್ಕೆ ಕಣಿವೆಯಿಂದ ಊರಿಗೆ ಬರುತ್ತಿತ್ತು. ಅಲ್ದಿಯಾರ್ ಹೇಳಿದ್ದು ಅದೇ ಗಳಿಗೆ, ಅದೇ ದಾರಿ.

"ಮೇಲಿನವರು ನಗ್ಲಿ ಬಿಡಿ," ಎಂದು ಪೆನ್ನು ಮುಚ್ಚಿದ. "ಅಲ್ದಿಯಾರ್, ಮನೆಗೆ ಹೋಗಯ್ಯ. ನನ್ನ ಕಡೆಯಿಂದ ತಪ್ಪಾಯ್ತು."

ಕುರಾಲಾಯ್ ಕುದುರೆಯಿಂದ ಜಿಗಿದಳು. ಅತ್ತಿಗೆಯರು ಅವಳನ್ನು ಅಪ್ಪಿಕೊಂಡು ಮೂರು ಸುತ್ತು ತಿರುಗಿಸಿದರು. ಯಾರೋ ಕಾರಿನಿಂದ ದೋಂಬ್ರಾ ತಂದರು.

ಆಗ ಸಾಗಿಂದಿಕ್ ಯಜಮಾನ ಬಂಡೆಯಿಂದೆದ್ದ. ಗದ್ದಲ ಅಡಗಿತು. ಅವನು ತನ್ನ ಹೊದಿಕೆಯ ನಿಲುವಂಗಿಯನ್ನು ಕಳಚಿ, ಅಲ್ದಿಯಾರ್‌ನ ಹೆಗಲ ಮೇಲೆ ಹಾಕಿ, ಎರಡೂ ಕೈಯಿಂದ ಸರಿಮಾಡಿದ.

"ನಿನ್ನ ಮೇಲೆ ಅನುಮಾನ ಪಟ್ಟೆ ಮಗನೇ. ಹದ್ದು ಸಿಗ್ಲಿ, ಸಿಗದೇ ಹೋಗ್ಲಿ. ಶನಿವಾರ ಮದುವೆ."

ಮುದುಕಿಯರು ಶುಭಕ್ಕೆಂದು ಮಿಠಾಯಿ ಎರಚಿದರು. ಕತ್ತಲಲ್ಲಿ ಅದನ್ನು ಹುಡುಕಲು ದೊಡ್ಡವರೇ ನೆಲಕ್ಕೆ ಬಗ್ಗಿದರು. ಕಪ್ತಾನನ ಟೋಪಿಯಲ್ಲೂ ಎರಡು ಬಿದ್ದಿದ್ದವು. ಅವನು ಒಂದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಒರೆಕೆಗೆ ಕೊಟ್ಟ.

ರೌಶಾನ್‌ಗೂ ನಗು ತಡೆಯಲಾಗಲಿಲ್ಲ. ಆದರೂ ಒಂದು ಅಭ್ಯಾಸ ಬಿಡುತ್ತಿರಲಿಲ್ಲ. ವಿಮಾನದ ತಂತಿ ಜೋಡಿಸಿದ ಮೇಲೂ ಕೊನೆಯದಾಗಿ ಒಮ್ಮೆ ಬೆರಳಾಡಿಸಿ ನೋಡುತ್ತಿದ್ದವಳು ಅವಳು. ಒರೆಕೆಯ ಪಕ್ಕ ಹೋಗಿ ಕುಳಿತಳು.

"ಅದು ಇಳಿದ ಮೇಲೆ ನೀವೇನು ಮಾಡಿದ್ರಿ?"

"ಚಹಾ ಇಟ್ಟೆ. ಕುದಿಯೋ ಹೊತ್ತಿಗೆ ಎರಡನೇದು ಹೋಯ್ತು."

"ಎರಡನೇದು?"

"ಎರಡನೇ ವಿಮಾನ. ಆ ಹುಡುಗಿ ಈಗ ಮೊದಲು ತೋರಿಸಿದ್ಲಲ್ಲ, ಹಾಗೇ. ಬಿಳಿ ಒಂದೇ, ಸಣ್ಣದಾಗ್ತಾ ಆಗ್ತಾ ಕಣಿವೆ ಒಳಗೆ ಹೋಯ್ತು." ಮುದುಕ ಮಿಠಾಯಿಯನ್ನು ದವಡೆಯಿಂದ ದವಡೆಗೆ ಸರಿಸಿದ. "ಕಪ್ತಾನ್ ಒಂದು ವಿಮಾನ ಕೇಳಿದ, ಒಂದನ್ನ ಹೇಳ್ದೆ."

"ಹಾರೋ ಮುಂಚೆ ಅದು ಎಲ್ಲಿತ್ತು?"

"ಅಲ್ಲೇ, ಕೆಳಗೆ. ರನ್‌ವೇ ಅಂಚಲ್ಲಿ, ಹದ್ದಿನ ಗುಡಿಸಲ ಹತ್ರ. ಬೆನ್ನ ಮೇಲೆ ಒಂದು ಕೆಂಪು ದೀಪ ಮಿಟುಕ್ತಾ ಇತ್ತು. ಮೊದಲ್ನೇದು ಬರೋಕೂ ಮುಂಚಿನಿಂದ. ಹಾರೋವಾಗ ಅದು ಆರಿಹೋಯ್ತು."

ಮಿಟುಕುವ ಕೆಂಪು ದೀಪ. ಆಕಾಶದಲ್ಲಿರುವವರಿಗಿಂತ ನೆಲದ ಮೇಲಿರುವವರಿಗೇ ಅದು ಹೆಚ್ಚು ಬೇಕು: ಎಂಜಿನ್ ತಿರುಗುತ್ತಿದೆ, ಇಲ್ಲವೇ ತಿರುಗಲಿದೆ, ಹತ್ತಿರ ಬರಬೇಡಿ. ಅಂದರೆ ಅಲ್ದಿಯಾರ್ ಇಳಿಯುವಾಗ ಹಾರಲು ಸಿದ್ಧವಾದ ಇನ್ನೊಂದು ವಿಮಾನ ಅಲ್ಲಿತ್ತು. ಅವನು ಅದರ ಮುಂದೆಯೇ ಸಾಗಿ ತನ್ನ ಜಾಗ ಸೇರಬೇಕು. ಬೇರೆ ದಾರಿಯಿಲ್ಲ, ಆ ರನ್‌ವೇಯನ್ನು ಅವಳು ನಿನ್ನೆ ಹೆಜ್ಜೆ ಹಾಕಿ ಅಳೆದಿದ್ದಳು.

ಹಾಗೆ ಸಾಗುವಾಗ ಅವನ ವಿಮಾನದ ಮುಂದಿನ ದೀಪ ಆ ಇನ್ನೊಂದು ವಿಮಾನದ ಗಾಜಿನ ಮೇಲೆ ನೇರವಾಗಿ ಬಿದ್ದಿರಲೇಬೇಕು. ಕಣ್ಣು ಕುಕ್ಕುವಷ್ಟು.

ಆದರೆ ಎರಡು ದಿನದ ವಿಚಾರಣೆಯಲ್ಲಿ ಅಲ್ದಿಯಾರ್ ಆ ವಿಮಾನದ ಹೆಸರನ್ನೇ ಎತ್ತಿರಲಿಲ್ಲ.

ಅವಳು ಎದ್ದು, ದೋಂಬ್ರಾದ ಸುತ್ತ ನಿಂತವರ ನಡುವೆ ದಾರಿ ಮಾಡಿಕೊಂಡು ಅವನೆದುರು ನಿಂತಳು.

"ಬಾಲಾಮ್, ಮಗನೇ, ಮಂಗಳವಾರ ಗುಡಿಸಲ ಹತ್ರ ನಿಂತಿದ್ದ ವಿಮಾನದಲ್ಲಿ ಯಾರಿದ್ರು?"

ಅವನ ಮುಖದ ನಗು ತಕ್ಷಣ ಆರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಹಾಗೇ ಉಳಿದುಕೊಂಡಿತು.

"ಯಾವ ವಿಮಾನ, ಅಪಾ?"

"ಬೆನ್ನ ಮೇಲೆ ಕೆಂಪು ಮಿಟುಕ್ತಿತ್ತಲ್ಲ, ಅದು. ನಿನ್ನ ದೀಪದ ಬೆಳಕು ಅದರ ಗಾಜಿಗೆ ಬಿತ್ತು. ಮುಖ ನೋಡಿದೀಯ ನೀನು."

ದೋಂಬ್ರಾ ನಿಂತಿತು. ಕಪ್ತಾನ್ ಹತ್ತಿರ ಬಂದ. "ಎರಡನೇ ವಿಮಾನಾನಾ? ಹಾಗಾದ್ರೆ ಕಳ್ಳ ಅದರಲ್ಲೇ ಹೋಗಿದ್ದಾನೆ! ಯಾರಯ್ಯ ಅದು? ಹೇಳು, ಈ ರಾತ್ರಿಯೇ ಹಿಡೀತೀನಿ."

ಅಲ್ದಿಯಾರ್ ಒಮ್ಮೆ ಸುತ್ತ ನೋಡಿದ. ಮಾವ, ಮದುವಣಗಿತ್ತಿ, ನೆಂಟರು, ಎಲ್ಲರೂ ಕುದುರೆಯ ರೆಕ್ಕೆದೀಪಗಳ ಬೆಳಕಿನಲ್ಲಿ ಅರ್ಧ ಕೆಂಪಗೆ, ಅರ್ಧ ಹಸಿರಾಗಿ ನಿಂತಿದ್ದರು. ಅವನ ಕಣ್ಣು ಯಾರ ಮೇಲೆ ತಡೆಯಿತೆಂದು ಹಿಡಿಯಲು ರೌಶಾನ್ ಯತ್ನಿಸಿದಳು, ಆಗಲಿಲ್ಲ.

ಅವನು ಹೆಗಲ ಮೇಲಿನ ನಿಲುವಂಗಿಯನ್ನು ತೆಗೆದ. ಮಡಿಸಿ, ಎರಡೂ ಕೈಯಿಂದ ಮಾವನಿಗೆ ಒಪ್ಪಿಸಿದ. ಆಮೇಲೆ ಕಪ್ತಾನನೆದುರು ಮಣಿಕಟ್ಟುಗಳನ್ನು ಜೋಡಿಸಿ ಚಾಚಿದ.

"ಬರ್ಕೊಳ್ಳಿ ಅಗಾ. ಹದ್ದು ಕದ್ದಿದ್ದು ನಾನೇ."

ಕುರಾಲಾಯ್ ಚೀರಿದಳು. ಕಪ್ತಾನ್ ದಿಕ್ಕು ತೋಚದೆ ರೌಶಾನ್‌ಳತ್ತ ನೋಡಿದ.

ಆ ಗಾಜಿನ ಹಿಂದೆ ಕಂಡ ಮುಖವನ್ನು ಮರೆಮಾಡಲು ಅವನು ಸುಳ್ಳು ಹೇಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅದನ್ನು ಅವಳೇ ಅರ್ಧ ಗಂಟೆಯ ಹಿಂದೆ ಊರಿಗೆಲ್ಲ ಕಾಣುವಂತೆ ರುಜುವಾತು ಮಾಡಿದ್ದಳು.